ಅದೇ ಕ್ಯಾಲಿಪರ್, ದೊಡ್ಡ ಡಿಸ್ಕ್: ಕಂಪನಿ ಭಾಗಗಳಿಂದಲೇ ಕಾರಿನ ಬ್ರೇಕ್ ದೊಡ್ಡದು ಮಾಡುವುದು

ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನ ನಾಲ್ಕನೇ ತಲೆಮಾರು 1997ರಲ್ಲಿ ಬಂತು. ಅದರ ಕೆಳಗಿದ್ದ ಮೂಲ ಚೌಕಟ್ಟು, ಅಂದರೆ ಪ್ಲಾಟ್‌ಫಾರ್ಮ್ ಗಾಲ್ಫ್‌ಗೆ ಮಾತ್ರ ಮೀಸಲಾಗಿರಲಿಲ್ಲ. ಆಡಿ ಎ3, ಆಡಿ ಟಿಟಿ, ಸಿಯಾಟ್ ಲಿಯೋನ್, ಔರಂಗಾಬಾದಿನಲ್ಲಿ ಜೋಡಿಸಿ ನಮ್ಮಲ್ಲೂ ಮಾರಿದ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ, ಎಲ್ಲವೂ ಅದರ ಮೇಲೇ ನಿಂತಿದ್ದವು. ಹೊರಗಿನ ತಗಡು ಬೇರೆ, ಒಳಗೆ ಒಂದೇ ಮನೆತನ. ಇದರಿಂದ ಯುರೋಪ್, ಅಮೆರಿಕದಲ್ಲಿ ಮನೆಯಲ್ಲೇ ಸ್ಪ್ಯಾನರ್ ಹಿಡಿಯುವ ಗಾಲ್ಫ್ ಮಾಲೀಕರಿಗೆ ಬ್ರೇಕ್ ದೊಡ್ಡದು ಮಾಡಲು ಒಂದು ಒಳ್ಳೆಯ ದಾರಿ ಸಿಕ್ಕಿತು.

1.8 ಟರ್ಬೊ ಗಾಲ್ಫ್‌ನ ಮುಂದಿನ ಬ್ರೇಕ್ ಡಿಸ್ಕಿನ ವ್ಯಾಸ 288 ಮಿಲಿಮೀಟರ್. ಟಿಟಿಯದು 312. ದಪ್ಪ ಎರಡಕ್ಕೂ 25 ಮಿ.ಮೀ. ಚಕ್ರದ ಜೊತೆ ತಿರುಗುವ ಈ ಡಿಸ್ಕಿಗೆ ಪಿಸ್ಟನ್ನಿನಿಂದ ಪ್ಯಾಡುಗಳನ್ನು (ಉಜ್ಜಿ ತಡೆಯುವ ತುಂಡುಗಳನ್ನು) ಒತ್ತುವ ಭಾಗವೇ ಕ್ಯಾಲಿಪರ್. ಅದೂ ಎರಡಕ್ಕೂ ಒಂದೇ, 54 ಮಿ.ಮೀ. ಪಿಸ್ಟನ್ ಇರುವಂಥದ್ದು. ಬೇರೆ ಇರುವುದು ಕ್ಯಾಲಿಪರನ್ನು ಹಿಡಿದುಕೊಳ್ಳುವ ಬ್ರಾಕೆಟ್ ಮಾತ್ರ. ಟಿಟಿಯ ಬ್ರಾಕೆಟ್ ಅದೇ ಕ್ಯಾಲಿಪರನ್ನು 12 ಮಿ.ಮೀ. ಹೊರಗೆ ತಂದು ಕೂರಿಸುತ್ತದೆ. ಹಾಗಾಗಿ ಟಿಟಿಯ ಬ್ರಾಕೆಟ್ ಜೋಡಿ, ಡಿಸ್ಕ್ ಜೋಡಿ, ಹೊಸ ಪ್ಯಾಡು ತಂದರೆ ಸಾಕು. ಬ್ರೇಕ್ ಆಯಿಲ್ ಹರಿಯುವ ಒಂದು ಪೈಪನ್ನೂ ಬಿಚ್ಚದೆ ಗಾಲ್ಫ್‌ಗೆ ಟಿಟಿಯ ಮುಂದಿನ ಬ್ರೇಕ್ ಕೂರುತ್ತದೆ. ಪೈಪ್ ಬಿಚ್ಚುವುದಿಲ್ಲ ಅನ್ನುವುದನ್ನು ಗಮನದಲ್ಲಿಡಿ. ಈ ಕೆಲಸ ಮನೆಯಂಗಳದಲ್ಲಿ ಮಾಡುವಂಥದ್ದೋ ಅಲ್ಲವೋ ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ.

ಆದರೆ ದುಡ್ಡು ಖರ್ಚು ಮಾಡುವ ಮುಂಚೆ ಇದರಿಂದ ಸಿಗುವುದೇನು ಅಂತ ತಿಳಿದಿರಬೇಕು. ನನ್ನ ಪ್ರಕಾರ, ಹೆಚ್ಚಿನವರು ಇದನ್ನು ತಪ್ಪು ಕಾರಣಕ್ಕೆ ಮಾಡಿಸುತ್ತಾರೆ.

ಕಾರು ನಿಲ್ಲಿಸುವುದು ಟೈರು

ಖಾಲಿ ರಸ್ತೆಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದಾಗ ಕಾಲಡಿಯಲ್ಲಿ ಪೆಡಲ್ ಗಡಗಡ ಅನ್ನುತ್ತದಾ? ಹಾಗಾದರೆ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಕೆಲಸ ಶುರು ಮಾಡಿದೆ. ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ನಿಮ್ಮ ಬ್ರೇಕಿನಲ್ಲಿ ಈಗಾಗಲೇ ಇದೆ ಎಂದಾಯಿತು. ಅಲ್ಲಿಂದ ಮುಂದೆ ಎಲ್ಲವೂ ಟೈರು ಮತ್ತು ರಸ್ತೆಯ ಹಿಡಿತದ ಕೈಯಲ್ಲಿ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು ಇದ್ದರೆ ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 44 ಮೀಟರ್ ಬೇಕು. ಹಿಡಿತದ ಗುಣಾಂಕ 0.9 ಅಂತ ಹಿಡಿದು ಹಾಕಿದ ಲೆಕ್ಕ ಇದು. ಅದು 0.5ಕ್ಕೆ ಇಳಿದರೆ, ಅಂದರೆ ಒದ್ದೆ ರಸ್ತೆ, ಸವೆದ ಟೈರು ಸೇರಿದರೆ, 79 ಮೀಟರ್ ಬೇಕಾಗುತ್ತದೆ. ಈ ಲೆಕ್ಕದಲ್ಲಿ ಡಿಸ್ಕಿನ ಅಳತೆ ಎಲ್ಲೂ ಬರುವುದೇ ಇಲ್ಲ. 288 ಇದ್ದರೂ ಅಷ್ಟೇ, 312 ಇದ್ದರೂ ಅಷ್ಟೇ.

ಟೈರಿನ ಗೀರು ಮಾಸಿಹೋಗಿದೆ, ರಬ್ಬರು ಗಟ್ಟಿಯಾಗಿದೆ ಅನ್ನುವ ಕಾರಿಗೆ ದೊಡ್ಡ ಡಿಸ್ಕ್ ಹಾಕುವುದು ಸುಮ್ನೆ ದಂಡ. ಆ ದುಡ್ಡಿಗೆ ನಾಲ್ಕು ಟೈರು ಹಾಕಿಸಿ.

ಹಾಗಾದರೆ ದೊಡ್ಡ ಡಿಸ್ಕ್ ಯಾಕೆ? ಎರಡು ಲಾಭ. ಚಿಕ್ಕದು ಮೊದಲು ಹೇಳುತ್ತೇನೆ. ಪ್ಯಾಡು ಡಿಸ್ಕಿನ ಅಂಚಿನ ಹತ್ತಿರ ಸುಮಾರು 55 ಮಿ.ಮೀ. ಅಗಲದ ಪಟ್ಟಿಯನ್ನು ಹಿಡಿಯುತ್ತದೆ ಅಂದುಕೊಳ್ಳಿ. ಆ ಪಟ್ಟಿಯ ನಡುಭಾಗ 288ರ ಡಿಸ್ಕಿನಲ್ಲಿ ಕೇಂದ್ರದಿಂದ ಸುಮಾರು 117 ಮಿ.ಮೀ. ದೂರ. 312ರಲ್ಲಿ ಸುಮಾರು 129. ಕೇಂದ್ರದಿಂದ ದೂರ ಹೋದಷ್ಟೂ ಅದೇ ಒತ್ತಡಕ್ಕೆ ಚಕ್ರ ತಡೆಯುವ ಬಲ ಜಾಸ್ತಿ. ಇಲ್ಲಿ ಶೇಕಡಾ 10ರಷ್ಟು ಜಾಸ್ತಿ. ಕಾಲಿಗೆ ಪೆಡಲ್ ಸ್ವಲ್ಪ ಹಗುರವಾಗುತ್ತದೆ. ಇದನ್ನೇ ಜನ "ಅಬ್ಬಾ, ಏನು ಬ್ರೇಕು!" ಅನ್ನುವುದು. ಪಿಸ್ಟನ್ ಬದಲಾಗದ ಕಾರಣ ಪೆಡಲ್ ಒಳಗೆ ಹೋಗುವ ದೂರ ಮೊದಲಿನಷ್ಟೇ ಇರುತ್ತದೆ.

ದೊಡ್ಡ ಲಾಭ ಇರುವುದು ಬಿಸಿಯ ವಿಷಯದಲ್ಲಿ.

ಬಿಸಿಯ ಲೆಕ್ಕ

ಓಡುವ ಕಾರಿನ ಚಲನೆಯ ಶಕ್ತಿಯನ್ನೆಲ್ಲ ಬಿಸಿಯಾಗಿ ಬದಲಿಸುವುದೇ ಬ್ರೇಕಿನ ಕೆಲಸ. 1400 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 540 ಕಿಲೋಜೂಲ್ ಶಕ್ತಿ ಇರುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿಯುವ ತನಕ ಕಾಯಿಸಲು ಬೇಕಾದಷ್ಟು. ಒಂದು ಸಲ ನಿಲ್ಲಿಸಿದರೆ ಅಷ್ಟೂ ಬಿಸಿ ಕೆಲವೇ ಸೆಕೆಂಡಿನಲ್ಲಿ ಕಬ್ಬಿಣದ ತಟ್ಟೆಗಳೊಳಗೆ ಇಳಿಯುತ್ತದೆ.

ಬ್ರೇಕ್ ಹಾಕಿದಾಗ ಕಾರು ಮುಂದಕ್ಕೆ ಬಾಗುತ್ತದೆ, ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಹೀಗಾಗಿ ಸುಮಾರು ಶೇಕಡಾ 70ರಷ್ಟು ಕೆಲಸ ಮುಂದಿನ ಬ್ರೇಕುಗಳದ್ದೇ ಅಂತ ಇಟ್ಟುಕೊಳ್ಳೋಣ. ಆಗ ಮುಂದಿನ ಒಂದೊಂದು ಡಿಸ್ಕಿಗೂ ಸುಮಾರು 190 ಕಿಲೋಜೂಲ್ ಪಾಲು ಬರುತ್ತದೆ. ಡಿಸ್ಕು 7 ಕಿಲೋ ಇದ್ದರೆ ಒಂದೇ ಸಲಕ್ಕೆ ಅದರ ಬಿಸಿ ಸುಮಾರು 59 ಡಿಗ್ರಿ ಏರುತ್ತದೆ. 8 ಕಿಲೋ ಇದ್ದರೆ 51 ಡಿಗ್ರಿ. ಒಂದು ಸಲಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲ. ಆದರೆ ತಣ್ಣಗಾಗಲು ಬಿಡದೆ ಮತ್ತೆ ಮತ್ತೆ ಒತ್ತುತ್ತಾ ಹೋದರೆ ಅಂತರ ಬೆಳೆಯುತ್ತಾ ಹೋಗುತ್ತದೆ. ಸಾಮಾನ್ಯ ರಸ್ತೆಗೆಂದು ಮಾಡಿದ ಪ್ಯಾಡುಗಳು 400 ಡಿಗ್ರಿಯ ಆಸುಪಾಸಿಗೆ ಬಂದಾಗ ಹಿಡಿತ ಕಳೆದುಕೊಳ್ಳತೊಡಗುತ್ತವೆ. ಪ್ಯಾಡಿನ ಮಿಶ್ರಣ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ಏಳೆಂಟು ಸಲ ಜೋರಾಗಿ ನಿಲ್ಲಿಸಿದ ಮೇಲೆ ಆ ಗೆರೆಯ ಆಚೆ ಇದ್ದೀರೋ ಈಚೆ ಇದ್ದೀರೋ ಅನ್ನುವುದನ್ನು ಈ ಹೆಚ್ಚಿನ ಕಬ್ಬಿಣ ತೀರ್ಮಾನಿಸುತ್ತದೆ. ಡಿಸ್ಕು ಅಗಲವಾದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಜಾಸ್ತಿ, ಹಾಗಾಗಿ ಬೇಗ ತಣ್ಣಗೂ ಆಗುತ್ತದೆ. ಹತ್ತನೇ ಸಲವೂ ಮೊದಲ ಸಲದ ಹಾಗೆಯೇ ಬ್ರೇಕ್ ಹಿಡಿಯಬೇಕು ಅನ್ನುವವರಿಗೆ ದೊಡ್ಡ ಡಿಸ್ಕ್.

ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಇದರ ಅನುಭವ ಆಗುವುದು ಘಾಟಿಯಲ್ಲಿ. ಆಗುಂಬೆ, ಚಾರ್ಮಾಡಿ, ಶಿರಾಡಿ, ಯಾವುದಾದರೂ ಸರಿ. ಅದೇ 1400 ಕಿಲೋ ಕಾರು 500 ಮೀಟರ್ ಎತ್ತರ ಇಳಿಯಿತು ಅಂದುಕೊಳ್ಳಿ. ಅಷ್ಟಕ್ಕೇ ಸುಮಾರು 6900 ಕಿಲೋಜೂಲ್ ಆಯಿತು. ನೂರರ ವೇಗದಿಂದ ಹನ್ನೆರಡು ಹದಿಮೂರು ಸಲ ನಿಲ್ಲಿಸಿದ್ದಕ್ಕೆ ಸಮ! ಗಾಳಿ, ಎಂಜಿನ್, ಟೈರುಗಳು ಇದರಲ್ಲಿ ಒಂದಿಷ್ಟನ್ನು ನುಂಗುತ್ತವೆ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ದೊಡ್ಡ ಪಾಲು ಹೊರುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟು ಪೆಟ್ರೋಲ್ ಉಳಿಸಲು ಹೊರಟರೆ ಹೆಚ್ಚುಕಡಿಮೆ ಎಲ್ಲವೂ ಡಿಸ್ಕಿನ ತಲೆಗೆ. ಗೇರು ಬಳಸದೆ ಘಾಟಿ ಇಳಿಯುವವರನ್ನು 312 ಅಲ್ಲ, ಅದಕ್ಕಿಂತ ದೊಡ್ಡ ಡಿಸ್ಕೂ ಕಾಪಾಡಲಾರದು.

ಬ್ರೇಕ್ ಸೋಲುವುದರಲ್ಲೂ ಎರಡು ಬಗೆ ಇದೆ. ಇವನ್ನು ಬೇರೆ ಮಾಡಿ ನೋಡಬೇಕು. ಪೆಡಲ್ ಗಟ್ಟಿಯಾಗಿಯೇ ಇದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡು ಕಾದಿದೆ. ಪೆಡಲ್ ಮೆತ್ತಗಾಗಿ ನೆಲದ ತನಕ ಹೋಗುತ್ತಿದೆ ಅಂದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಎರಡನೆಯದು ಜಾಸ್ತಿ ಅಪಾಯ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರಿನಂಶವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆ ಬರೆದ ಹೊಸ ಡಬ್ಬಿಯ ಆಯಿಲ್ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ನೀವು ಒತ್ತುವುದು ಗುಳ್ಳೆಯನ್ನು, ಪಿಸ್ಟನ್ನನ್ನಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅಂತ ಕಂಪನಿಯವರು ಹೇಳುವುದು ಇದಕ್ಕೇ. ನಮ್ಮಲ್ಲಿ ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಬ್ರೇಕ್ ಆಯಿಲನ್ನು ಕಾರು ಮಾರುವ ತನಕ ಮುಟ್ಟುವುದಿಲ್ಲ. ಹೊಸ ಆಯಿಲ್, ಒಳ್ಳೆಯ ಪ್ಯಾಡು, ಒಳ್ಳೆಯ ಟೈರು: ಡಿಸ್ಕಿನ ಯೋಚನೆ ಈ ಮೂರೂ ಮುಗಿದ ಮೇಲೆ.

ಕಂಪನಿ ಭಾಗವೇ ಯಾಕೆ?

ಮಾರುಕಟ್ಟೆಯಲ್ಲಿ ನಾಲ್ಕು ಪಿಸ್ಟನ್, ಆರು ಪಿಸ್ಟನ್ನಿನ ಬಣ್ಣಬಣ್ಣದ ಕ್ಯಾಲಿಪರ್ ಕಿಟ್ಟುಗಳಿವೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೂ ರಸ್ತೆಯ ಕಾರಿಗೆ ನನ್ನ ಓಟು ಅದೇ ಮನೆತನದ ಕಂಪನಿ ಭಾಗಗಳಿಗೆ. ಬ್ರೇಕ್ ಅನ್ನುವುದು ನಾಲ್ಕು ಚಕ್ರಗಳ ನಡುವಿನ ಹೊಂದಾಣಿಕೆ. ಆ ಹೊಂದಾಣಿಕೆಯನ್ನು ಟಿಟಿ ಕಾರಿಗಾಗಿ ಯಾರೋ ಎಂಜಿನಿಯರುಗಳು ಆಗಲೇ ಲೆಕ್ಕ ಹಾಕಿ, ಓಡಿಸಿ ನೋಡಿದ್ದಾರೆ.

ಮುಂದೆ ಮಾತ್ರ ಶೇಕಡಾ 10ರಷ್ಟು ಬಲ ಹೆಚ್ಚಿಸಿದರೆ ಏನಾಗುತ್ತದೆ ನೋಡಿ. ಮೊದಲು ಮುಂದೆ 70, ಹಿಂದೆ 30 ಇತ್ತು ಅನ್ನಿ. ಈಗ ಮುಂದಿನದು 77 ಆಯಿತು, ಹಿಂದಿನದು ಅಷ್ಟೇ ಇದೆ. ಪಾಲು ಹಾಕಿದರೆ 72ಕ್ಕೆ 28. ಈ ಸಣ್ಣ ಬದಲಾವಣೆಯನ್ನು ಎಬಿಎಸ್ ಇರುವ ಕಾರು ಸುಲಭವಾಗಿ ಅರಗಿಸಿಕೊಳ್ಳುತ್ತದೆ. ಅದೂ ಅಲ್ಲದೆ ಮುಂದಿನ ಚಕ್ರ ಮೊದಲು ಲಾಕ್ ಆಗುವುದು ಸುರಕ್ಷಿತ ದಿಕ್ಕು. ಕಾರು ತಿರುಗದೆ ನೇರ ಹೋಗುತ್ತದೆ, ಅಷ್ಟೇ. ಮುಂದಕ್ಕೆ ತೀರಾ ಜಾಸ್ತಿ ಹಾಕಿದರೆ ಹಿಂದಿನ ಟೈರುಗಳ ಹಿಡಿತ ಉಪಯೋಗಕ್ಕೇ ಬರುವುದಿಲ್ಲ, ನಿಲ್ಲುವ ದೂರ ಹೆಚ್ಚೂ ಆಗಬಹುದು. ದೊಡ್ಡ ಕಿಟ್ ಹಾಕಿಸಿ "ಮೊದಲಿನಷ್ಟೂ ನಿಲ್ತಿಲ್ಲ" ಅನ್ನುವವರ ಕಥೆ ಎಷ್ಟೋ ಸಲ ಇದೇ.

ಹಿಂದೆ ಮಾತ್ರ ದೊಡ್ಡದು ಮಾಡುವ ಕೆಲಸಕ್ಕೆ ಕೈ ಹಾಕಬೇಡಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರಿನ ಬಾಲ ಮುಂದಕ್ಕೆ ಬರಲು ನೋಡುತ್ತದೆ. ಗಾಲ್ಫ್‌ನ ಹಿಂದಿನ 232 ಮಿ.ಮೀ. ಡಿಸ್ಕಿಗೆ ಬದಲಾಗಿ 256 ಮಿ.ಮೀ.ನ, ನಡುವೆ ಗಾಳಿ ಹಾಯುವ ಡಿಸ್ಕನ್ನು ಹಾಕುವವರಿದ್ದಾರೆ. ಅವರೂ ಮುಂದಿನ 312 ಕೂರಿಸಿದ ಮೇಲೆಯೇ ಅದಕ್ಕೆ ಕೈ ಹಾಕುವುದು.

ಪಿಸ್ಟನ್ ದೊಡ್ಡದಿರುವ ಕ್ಯಾಲಿಪರ್ ತಂದರೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. 54ರಿಂದ 57 ಮಿ.ಮೀ.ಗೆ ಹೋದರೆ ಪಿಸ್ಟನ್ನಿನ ಮೈ ಶೇಕಡಾ 11ರಷ್ಟು ಹೆಚ್ಚುತ್ತದೆ. ಅದನ್ನು ತಳ್ಳಲು ಅಷ್ಟೇ ಜಾಸ್ತಿ ಆಯಿಲ್ ಬೇಕು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಆದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. 288ರಿಂದ 312ಕ್ಕೆ ಹೋಗುವುದರಲ್ಲಿ ಈ ತಲೆನೋವು ಇಲ್ಲ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಅದೇ ಮನೆತನದ ಗಾಲ್ಫ್ ಆರ್32 ಕಾರಿನಲ್ಲಿ 334 ಮಿ.ಮೀ. ಡಿಸ್ಕು, ಎರಡು ಪಿಸ್ಟನ್ನಿನ ಕ್ಯಾಲಿಪರ್ ಇದೆ. ನೋಡಲು ಭರ್ಜರಿ. ಆದರೆ ಅಲ್ಲಿ ಪೈಪ್ ಬಿಚ್ಚಬೇಕು, ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು, ರಿಮ್ಮೂ ಇನ್ನೂ ದೊಡ್ಡದು ಬೇಕು. ಮೊದಲ ಸಲ ಮಾಡುವವರಿಗೆ ಅಲ್ಲ.

ಕೊಳ್ಳುವ ಮುಂಚೆ ಅಳೆಯಿರಿ

ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ನೋಡಿ ಬ್ರೇಕ್ ಬೇರೆ ಬೇರೆ ಇರುತ್ತದೆ. ಆಕ್ಟೇವಿಯಾ ಅಂದ ಮಾತ್ರಕ್ಕೆ 288 ಇದೆ ಅಂತ ಅಂದುಕೊಳ್ಳಬೇಡಿ. ಕೆಲವು ಕಾರುಗಳಲ್ಲಿ ಬ್ರಾಕೆಟ್ ಅನ್ನುವ ಬೇರೆ ಭಾಗವೇ ಇರುವುದಿಲ್ಲ, ಚಕ್ರವನ್ನು ಹಿಡಿದು ತಿರುಗಿಸುವ ಸ್ಟೀರಿಂಗ್ ನಕಲ್‌ನಲ್ಲೇ ಅದನ್ನು ಎರಕ ಹೊಯ್ದಿರುತ್ತಾರೆ. ಅಂಥ ಕಾರಿಗೆ ಈ ಸುಲಭದ ದಾರಿ ಇಲ್ಲ. ಚಕ್ರ ಬಿಚ್ಚಿ, ಡಿಸ್ಕ್ ಅಳೆದು, ಬ್ರಾಕೆಟ್ ಎರಡು ಬೋಲ್ಟಿನಿಂದ ಬೇರೆಯಾಗಿ ಬರುತ್ತದಾ ಅಂತ ನೋಡಿ. ಕ್ಯಾಲಿಪರಿನ ಮೇಲಿನ ಭಾಗದ ನಂಬರನ್ನು ಬರೆದುಕೊಳ್ಳಿ.

ಬ್ರಾಕೆಟ್ಟನ್ನು ಗುಜರಿಯಿಂದ ತಂದರೂ ತೊಂದರೆಯಿಲ್ಲ. ಅದು ಗಟ್ಟಿ ಎರಕದ ಕಬ್ಬಿಣ, ಸವೆಯುವ ಭಾಗವಲ್ಲ. ಬಿರುಕಿಲ್ಲ, ಬೋಲ್ಟಿನ ಥ್ರೆಡ್ ಚೆನ್ನಾಗಿದೆ ಅಂದರೆ ತಂತಿ ಬ್ರಷ್ಷಿನಿಂದ ತಿಕ್ಕಿ ಬಳಸಬಹುದು. ಡಿಸ್ಕು ಮತ್ತು ಪ್ಯಾಡು ಮಾತ್ರ ಹೊಸದೇ ಬೇಕು. ಬ್ರಾಕೆಟ್ ಬೋಲ್ಟುಗಳನ್ನೂ ಹೊಸದಾಗಿ ತೆಗೆದುಕೊಳ್ಳಿ, ಅದರಲ್ಲಿ ಉಳಿಸುವ ದುಡ್ಡು ಏನೂ ಅಲ್ಲ.

ರಿಮ್ಮಿನ ವಿಷಯ ಮರೆಯುವವರು ಬಹಳ. 288 ಇದ್ದಾಗ 15 ಇಂಚಿನ ರಿಮ್ ಸಾಕಾಗುತ್ತಿತ್ತು. 312 ಹಾಕಿದ ಮೇಲೆ 16 ಇಂಚು ಬೇಕು. ಎಲ್ಲ 16 ಇಂಚಿನ ರಿಮ್ಮಿನ ಒಳಗೂ ಒಂದೇ ಆಕಾರ ಇರುವುದಿಲ್ಲ. ಕಡ್ಡಿಗಳ ಹಿಂಭಾಗಕ್ಕೂ ಕ್ಯಾಲಿಪರಿಗೂ ನಡುವೆ ಜಾಗ ಉಳಿಯುತ್ತದಾ ಅಂತ ಹಾಕಿ, ಕೈಯಲ್ಲಿ ತಿರುಗಿಸಿ ನೋಡಬೇಕು.

ಕಾಗದಪತ್ರದ ಕಡೆಗೂ ಒಂದು ಕಣ್ಣಿರಲಿ. ಜರ್ಮನಿಯಲ್ಲಿ ಬ್ರೇಕ್ ಬದಲಿಸಿದವರು ಟ್ಯೂಫ್‌ನಂಥ ತಪಾಸಣಾ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಹೇಳಿದ ಮೂಲ ವಿವರಕ್ಕಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವ ಹಾಗೆ ವಾಹನ ಬದಲಿಸಬಾರದು ಅನ್ನುತ್ತದೆ ಅದು. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಡಿಸ್ಕಿನ ಅಳತೆಯನ್ನು ಆರ್‌ಸಿಯಲ್ಲಿ ಬರೆಯುವುದಿಲ್ಲ, ನಿಜ. ಆದರೂ ಇನ್ಶೂರೆನ್ಸ್ ಕಂಪನಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕೆಲಸ

ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ಬೋಲ್ಟುಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ, ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ. ಒಂದು ಕಡೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಜೋಡಿಸುವಾಗ ಗೊಂದಲವಾದರೆ ಬಿಚ್ಚದ ಕಡೆ ನೋಡಿಕೊಳ್ಳಬಹುದು.

ಕ್ಯಾಲಿಪರಿನ ಹೊರಗೆ ಒಂದು ತಂತಿಯ ಸ್ಪ್ರಿಂಗ್ ಇರುತ್ತದೆ. ಬಿಚ್ಚುವಾಗ ಮುಖಕ್ಕೆ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ಹಿಂಬದಿಯ ಎರಡು ರಬ್ಬರ್ ಕೊಳವೆಗಳ ಬಾಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಇದೆ. ಅವನ್ನು ತೆಗೆದರೆ ಒಳಗೆ ಗೈಡ್ ಪಿನ್ನುಗಳು, 7 ಮಿ.ಮೀ. ಅಲೆನ್ ಕೀ ಬೇಕು. ಪಿನ್ ಬಿಚ್ಚಿದ ಮೇಲೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ರಬ್ಬರ್ ಪೈಪಿನ ಮೇಲೆ ಜೋತುಬಿಡಬೇಡಿ. ಒಳಗೆ ಹರಿದರೆ ಹೊರಗೆ ಕಾಣುವುದಿಲ್ಲ. ಒಂದು ತಂತಿಯಿಂದ ಮೇಲಿನ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

ಬ್ರಾಕೆಟ್, ಹಳೇ ಡಿಸ್ಕು ತೆಗೆದ ಮೇಲೆ ಡಿಸ್ಕು ಕೂರುವ ಜಾಗವಾದ ಹಬ್ಬಿನ ಮುಖವನ್ನು ನೋಡಿ. ಇಲ್ಲಿ ನಿಧಾನ ಮಾಡಿ. ತುಕ್ಕಿನ ಒಂದು ಸಣ್ಣ ಪದರ ಉಳಿದರೂ ಹೊಸ ಡಿಸ್ಕು ಒಂದು ಕೂದಲಿನಷ್ಟು ಓರೆಯಾಗಿ ಕೂರುತ್ತದೆ. ತಿರುಗುವಾಗ ಪ್ಯಾಡಿಗೆ ಒಂದೇ ಕಡೆ ತಾಗುತ್ತಾ ಹೋಗುತ್ತದೆ, ಕೆಲವು ಸಾವಿರ ಕಿ.ಮೀ. ಆದ ಮೇಲೆ ಸ್ಟೀರಿಂಗ್ ನಡುಗಲು ಶುರು. ಗ್ಯಾರೇಜಿನಲ್ಲಿ "ಡಿಸ್ಕು ಬೆಂಡಾಗಿದೆ" ಅನ್ನುತ್ತಾರೆ. ಹೆಚ್ಚಿನ ಸಲ ಬೆಂಡಾಗಿರುವುದಿಲ್ಲ, ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತದೆ. ಹಬ್ಬು ಹೊಳೆಯುವ ತನಕ ತಿಕ್ಕಿ.

ಡಿಸ್ಕಿನ ಹಿಂದಿರುವ ತೆಳು ತಗಡು 288ಕ್ಕೆಂದು ಮಾಡಿದ್ದು. ಅದನ್ನು ಹಿಂದಕ್ಕೆ ಬಗ್ಗಿಸಬೇಕು ಅಥವಾ ಅಂಚು ಕತ್ತರಿಸಬೇಕು. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಿರಲು ಹಚ್ಚಿದ ಎಣ್ಣೆ ಇರುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಟಿಟಿ ಬ್ರಾಕೆಟ್ಟಿನ ಬೋಲ್ಟುಗಳಿಗೆ 125 ನ್ಯೂಟನ್ ಮೀಟರ್, ಗೈಡ್ ಪಿನ್ನುಗಳಿಗೆ 28, ಚಕ್ರದ ಬೋಲ್ಟುಗಳಿಗೆ 120. "ಕೈ ಅಂದಾಜು" ಇಲ್ಲಿ ಬೇಡ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಬಾಡಿಗೆಗಾದರೂ ತನ್ನಿ. ಈ ಬಗೆಯ ಕ್ಯಾಲಿಪರಿನ ಗೈಡ್ ಪಿನ್ನಿಗೆ ಗ್ರೀಸ್ ಹಚ್ಚಬಾರದು. ಅವು ರಬ್ಬರ್ ಕೊಳವೆಯೊಳಗೆ ಒಣಗಿಯೇ ಓಡಬೇಕು. ನಮ್ಮ ಮೆಕ್ಯಾನಿಕ್ಕುಗಳಿಗೆ ಇದನ್ನು ಒಪ್ಪಿಸುವುದು ಕಷ್ಟ, ಗ್ರೀಸ್ ಡಬ್ಬಿ ಕೈಯಲ್ಲೇ ಇರುತ್ತದೆ.

ಹೊಸ ಪ್ಯಾಡು ದಪ್ಪ ಇರುವುದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೇ ಪ್ಯಾಡನ್ನು ಅಡ್ಡ ಇಟ್ಟು ಸಿ-ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಿ. ಆಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಉಕ್ಕಿ ಚೆಲ್ಲಿದರೆ ಬಣ್ಣ ತಿನ್ನುತ್ತದೆ, ನೀರು ಹಾಕಿ ತೊಳೆಯಿರಿ.

ಎರಡೂ ಕಡೆ ಮುಗಿಸಿ, ಚಕ್ರ ಹಾಕಿ, ಕಾರು ಇಳಿಸಿದಿರಿ. ಕೀ ತಿರುಗಿಸಿ ಹೊರಡುವ ಮುಂಚೆ ಪೆಡಲನ್ನು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಿ. ಪಿಸ್ಟನ್ನುಗಳು ಹಿಂದೆ ಸರಿದಿವೆ, ಮೊದಲ ಒತ್ತು ಖಾಲಿ ಹೋಗುತ್ತದೆ. ಇದನ್ನು ಮರೆತು ಗೇರು ಹಾಕಿದವರ ಕಾರು ಎದುರಿನ ಗೋಡೆಯ ಹತ್ತಿರವೇ ನಿಲ್ಲುವುದು. ಆಮೇಲೆ ಆಯಿಲ್ ಮಟ್ಟ ನೋಡಿ.

ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಬೇಕು. ಖಾಲಿ ರಸ್ತೆಯಲ್ಲಿ 60ರಿಂದ 15ರ ತನಕ ಹದವಾಗಿ ಬ್ರೇಕ್ ಹಾಕಿ, ಪೂರ್ತಿ ನಿಲ್ಲಿಸಬೇಡಿ. ನಡುವೆ ಗಾಳಿಗೆ ತಣ್ಣಗಾಗಲು ಬಿಟ್ಟು ಹತ್ತು ಸಲ ಮಾಡಿ. ಪ್ಯಾಡಿನ ಒಂದು ತೆಳು ಪದರ ಡಿಸ್ಕಿನ ಮೇಲೆ ಸಮವಾಗಿ ಕೂರುತ್ತದೆ. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿಹಿಡಿದು ಸಿಗ್ನಲ್ಲಿನಲ್ಲಿ ನಿಂತರೆ ಅದೇ ಪದರ ಒಂದು ಕಡೆ ಅಂಟಿಕೊಂಡು, ಮತ್ತೆ ಆ ನಡುಕ. ಮೊದಲ 200 ಕಿ.ಮೀ. ಜೋರು ಬ್ರೇಕ್ ಬೇಡ. ಆಮೇಲೆ ಚಕ್ರದ ಬೋಲ್ಟುಗಳನ್ನು ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ.

ಡಿಕ್ಕಿಯಲ್ಲಿರುವ ಸ್ಟೆಪ್ನಿ 15 ಇಂಚಿನದಾದರೆ ಇನ್ನು ಅದು ಮುಂದಿನ ಚಕ್ರಕ್ಕೆ ಬರುವುದಿಲ್ಲ. ಮುಂದೆ ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರವನ್ನು ಬಿಚ್ಚಿ ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಕೂರಿಸಬೇಕು. ಅಂದರೆ ಜಾಕ್ ಎರಡು ಸಲ ಏರಿಸಬೇಕು. ಜುಲೈ ಮಳೆಯಲ್ಲಿ, ಶಿರಾಡಿಯ ತಿರುವಿನಲ್ಲಿ, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ಇದೆಲ್ಲ ಬೇಡ ಅನ್ನಿಸಿದರೆ, ನಾಲ್ಕು ರಿಮ್ ಕೊಳ್ಳುವಾಗಲೇ ಐದನೆಯದನ್ನೂ ತೆಗೆದುಕೊಂಡುಬಿಡಿ.